ಬಟ್ಟಲಿನ ಹೆಪ್ಪು, ನಾಳದ ಹೆಪ್ಪು

ರಾತ್ರಿ ಎರಡು ಗಂಟೆ. ಐಸಿಯುನಲ್ಲಿ ಮಲಗಿರುವ ರೋಗಿಯ ಬಾಯೊಳಗೆ ಸಿಸ್ಟರ್ ಟಾರ್ಚ್ ಬಿಡುತ್ತಾರೆ. ಕೆಳದವಡೆಯ ಒಳಬದಿಯಲ್ಲಿ, ಸುತ್ತಲೂ ಹೊಲಿಗೆ ಹಾಕಿದ ಎರಡು ಬೆರಳಗಲದ ಚರ್ಮದ ತುಂಡು ಕಾಣುತ್ತದೆ. ನಿನ್ನೆ ಬೆಳಿಗ್ಗೆ ಅದು ಇದೇ ರೋಗಿಯ ಕಾಲಿನಲ್ಲಿತ್ತು. ಸಿಸ್ಟರ್ ಅದನ್ನು ಬೆರಳಿನಿಂದ ಒತ್ತಿ ಬಿಡುತ್ತಾರೆ. ಬಿಳಿಚಿದ ಜಾಗಕ್ಕೆ ಬಣ್ಣ ಮರಳಲು ಎಷ್ಟು ಹೊತ್ತಾಯಿತೆಂದು ಮನಸ್ಸಿನಲ್ಲೇ ಎಣಿಸುತ್ತಾರೆ. ಆಮೇಲೆ ಸಣ್ಣ ಸೂಜಿಯ ಮೊನೆಯಿಂದ ಚುಚ್ಚಿ ಕಾಯುತ್ತಾರೆ.

ಹೊಳೆಯುವ ಕೆಂಪು ಹನಿ ಮೂಡಿದರೆ ಚರ್ಮ ಬದುಕಿದೆ. ಹನಿಯೇ ಮೂಡದೆ ಚರ್ಮ ತಣ್ಣಗೆ, ಬಿಳುಪಾಗಿ ಉಳಿದರೆ ರಕ್ತ ತರುವ ಅಪಧಮನಿ ಮುಚ್ಚಿದೆ. ಚರ್ಮ ಬೀಗಿ, ನೇರಳೆ ಹಣ್ಣಿನ ರಸದಂಥ ಕಪ್ಪು ರಕ್ತ ಬೇಗ ಬೇಗ ಒಸರತೊಡಗಿದರೆ, ಬಂದ ರಕ್ತ ಹೊರಹೋಗಬೇಕಾದ ಅಭಿಧಮನಿ ಮುಚ್ಚಿದೆ. ಈ ಎರಡರಲ್ಲಿ ಯಾವುದಾದರೂ ಸರಿಯೇ, ಸಿಸ್ಟರ್ ಫೋನ್ ಎತ್ತುತ್ತಾರೆ. ಮನೆಗೆ ಹೋಗಿ ಆಗಷ್ಟೇ ಮಲಗಿದ ಶಸ್ತ್ರವೈದ್ಯರು ಮತ್ತೆ ಆಪರೇಷನ್ ಥಿಯೇಟರಿಗೆ ಬರುತ್ತಾರೆ. ಕೂದಲಿಗಿಂತ ತೆಳ್ಳನೆಯ ದಾರದಿಂದ ಅವರು ಕೂಡಿಸಿದ್ದ ನಾಳದೊಳಗೆ ರಕ್ತ ಹೆಪ್ಪುಗಟ್ಟಿದೆ. ಅದನ್ನು ಬಿಚ್ಚಿ, ಹೆಪ್ಪನ್ನು ತೆಗೆದು, ಮತ್ತೆ ಹೊಲಿಯಲು ಸಿಗುವ ಸಮಯ ಕೆಲವೇ ಗಂಟೆಗಳು.

ಹೀಗೆ ದೇಹದ ಒಂದು ಕಡೆಯಿಂದ ಚರ್ಮ, ಸ್ನಾಯು, ಎಲುಬುಗಳನ್ನು ಅವುಗಳ ರಕ್ತನಾಳಗಳ ಸಮೇತ ಕತ್ತರಿಸಿ ತೆಗೆದು ಇನ್ನೊಂದು ಕಡೆ ಜೋಡಿಸುವುದಕ್ಕೆ ‘ಫ್ರೀ ಫ್ಲ್ಯಾಪ್’ ಎನ್ನುತ್ತಾರೆ. ನುರಿತ ಕೇಂದ್ರಗಳಲ್ಲಿ ನೂರಕ್ಕೆ ತೊಂಬತ್ತೈದು ಅಥವಾ ಅದಕ್ಕೂ ಹೆಚ್ಚು ಫ್ಲ್ಯಾಪ್‌ಗಳು ಉಳಿಯುತ್ತವೆ. ಆದರೆ ಇಲ್ಲಿ ಸೋಲು ಅರ್ಧಂಬರ್ಧವಾಗಿ ಬರುವುದು ಅಪರೂಪ. ನಾಳ ಮುಚ್ಚಿದರೆ ಸಾಮಾನ್ಯವಾಗಿ ಇಡೀ ತುಂಡೇ ಕೊಳೆಯುತ್ತದೆ. ದವಡೆ ಮತ್ತೆ ಬಯಲಾಗುತ್ತದೆ, ಕಾಲಿನಿಂದ ಎಲುಬು ತೆಗೆದದ್ದೂ ವ್ಯರ್ಥವಾಗುತ್ತದೆ. ಮುಚ್ಚುವುದಿದ್ದರೆ ಬಹುಪಾಲು ಮೊದಲ ಎರಡು ಮೂರು ದಿನಗಳಲ್ಲೇ ಮುಚ್ಚುತ್ತದೆ. ಸಿಸ್ಟರ್ ಗಂಟೆಗೊಮ್ಮೆ ಸೂಜಿ ಹಿಡಿದು ಬರುವುದು ಅದಕ್ಕಾಗಿ.

ಅಪಾಯ ಕೂದಲೆಳೆಯ ದೂರದಲ್ಲಿದೆ ಎಂದು ಗೊತ್ತಿದ್ದ ಮೇಲೆ ಯಾರಿಗಾದರೂ ಹೊಳೆಯುವ ಪ್ರಶ್ನೆ ಒಂದಿದೆ. ಆಪರೇಷನ್‌ಗೆ ಮುಂಚೆಯೇ ರೋಗಿಯ ತೋಳಿನಿಂದ ಒಂದು ಕೊಳವೆ ರಕ್ತ ತೆಗೆದು, ‘ಇವರ ರಕ್ತ ಹೆಪ್ಪುಗಟ್ಟಲು ಕಾದು ಕೂತಿದೆ, ಜೋಕೆ’ ಎಂದು ಲ್ಯಾಬ್ ಹೇಳಬಾರದೇ? ಕಳೆದ ಕೆಲವು ದಶಕಗಳಲ್ಲಿ ಅನೇಕ ವೈದ್ಯರು ಈ ಪ್ರಶ್ನೆಯ ಹಿಂದೆ ಬಿದ್ದಿದ್ದಾರೆ. ಅವರಿಗೆ ಸಿಕ್ಕ ಉತ್ತರ ಹೌದು ಎಂಬಷ್ಟು ಸರಳವಾಗಿಲ್ಲ. ಯಾಕೆ ಹಾಗೆ ಎಂಬುದೇ ಈ ಅಧ್ಯಾಯದ ವಿಷಯ.

ಮೊದಲು ಈ ಅಪಾಯವೇ ಇಲ್ಲದಿದ್ದ ಒಂದು ಕಸಿಯನ್ನು ನೋಡೋಣ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆ ಕಾವಸ್ಜಿ ಎಂಬ ಮರಾಠಿ ಮನುಷ್ಯನ ಚಿತ್ರ ಅಚ್ಚು ಹಾಕಿತು. ಆತ ಇಂಗ್ಲಿಷರ ಸೇನೆಯಲ್ಲಿ ಎತ್ತು ಹೊಡೆಯುವವನು. 1792ರ ಯುದ್ಧದಲ್ಲಿ ಟಿಪ್ಪು ಸುಲ್ತಾನನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ ಎಂದು ಪತ್ರಿಕೆ ಬರೆದಿತ್ತು. ವರ್ಷಕ್ಕೂ ಮೇಲೆ ಮೂಗಿಲ್ಲದೆ ಇದ್ದ ಅವನಿಗೆ ಪುಣೆಯ ಬಳಿ, ಇಟ್ಟಿಗೆ ಮಾಡುವ ಸಮುದಾಯದ ಒಬ್ಬ ಕುಶಲಿ ಹೊಸ ಮೂಗು ಕಟ್ಟಿಕೊಟ್ಟ. ಮೇಣದಿಂದ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆಯಾಗಿಸಿ ಹಣೆಯ ಮೇಲಿಟ್ಟು ಗೆರೆ ಎಳೆದು, ಆ ಅಳತೆಯ ಚರ್ಮವನ್ನು ಎಬ್ಬಿಸಿ ಕೆಳಕ್ಕೆ ತಿರುಗಿಸಿದ. ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಕತ್ತರಿಸದೆ ಬಿಟ್ಟ. ಸುಮಾರು 25 ದಿನಗಳಾದ ಮೇಲೆ ಅದನ್ನೂ ಕತ್ತರಿಸಿದ. ಈ ವರದಿಯನ್ನು ಓದಿದ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ಶಸ್ತ್ರಚಿಕಿತ್ಸೆ ಮಾಡಿದ. ಯೂರೋಪಿನ ಆಧುನಿಕ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆ ಟಿಪ್ಪುವಿನ ಕಾಲದ ಯುದ್ಧದ ಒಂದು ಗಾಯದೊಂದಿಗೆ ಹೀಗೆ ತಳಕು ಹಾಕಿಕೊಂಡಿದೆ.

ಆ ಕುಶಲಿಯ ಕೈಚಳಕವೆಲ್ಲ ಕತ್ತರಿಸದೆ ಬಿಟ್ಟ ಆ ಪಟ್ಟಿಯಲ್ಲಿದೆ. ಹಣೆಯ ಚರ್ಮ ಮೂಗಿನ ಜಾಗಕ್ಕೆ ಬಂದರೂ ತನ್ನ ಹಳೆಯ ರಕ್ತನಾಳಗಳಿಂದಲೇ ಉಣ್ಣುತ್ತಿತ್ತು. ಹೊಸ ನೆಲದಲ್ಲಿ ಬೇರು ಬಿಟ್ಟ ಮೇಲೆ ತಾಯಿಬೇರನ್ನು ಕಡಿದದ್ದು. ಎಲ್ಲೂ ನಾಳವನ್ನು ಹೊಲಿಯಲಿಲ್ಲ, ಎಲ್ಲೂ ರಕ್ತ ನಿಲ್ಲಲಿಲ್ಲ. ಇದಕ್ಕಿರುವ ಮಿತಿ ಒಂದೇ: ಪಟ್ಟಿ ಎಟಕುವಷ್ಟು ದೂರ ಮಾತ್ರ ಚರ್ಮ ಹೋಗಬಲ್ಲದು. ಹಣೆಯಿಂದ ಮೂಗಿಗೆ ಸರಿ. ಕಾಲಿನಿಂದ ದವಡೆಗೆ ಹೇಗೆ?

ಅದಕ್ಕೆ ನಾಳವನ್ನು ಕತ್ತರಿಸಿ ಮತ್ತೆ ಹೊಲಿಯಲು ಬರಬೇಕು. 1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೊ ಲಿಯಾನ್ ನಗರದಲ್ಲಿ ಇರಿತಕ್ಕೆ ಸಿಕ್ಕಿ ತೀರಿಕೊಂಡರು. ಕಡಿದುಹೋದ ದೊಡ್ಡ ಅಭಿಧಮನಿಯನ್ನು ಅಲ್ಲಿನ ವೈದ್ಯರಿಗೆ ಹೊಲಿಯಲಾಗಲಿಲ್ಲ. ಅದೇ ಊರಿನ ತರುಣ ಅಲೆಕ್ಸಿಸ್ ಕ್ಯಾರೆಲ್‌ನ ಮನಸ್ಸಿಗೆ ಇದು ನಾಟಿತು. ಆತ ಕಸೂತಿ ಹಾಕುವ ಲೆರೂದಿಯೇ ಎಂಬ ಮಹಿಳೆಯ ಬಳಿ ಹೋಗಿ ನಯವಾದ ಸೂಜಿ, ದಾರಗಳನ್ನು ಬಳಸಲು ಕಲಿತ. 1902ರಲ್ಲಿ ತನ್ನ ವಿಧಾನವನ್ನು ಪ್ರಕಟಿಸಿದ, 1912ರಲ್ಲಿ ನೊಬೆಲ್ ಪಡೆದ. ಒಬ್ಬ ಕಸೂತಿಗಾತಿಯ ಬೆರಳಿನ ಜ್ಞಾನ ಇಂದು ಸಾವಿರಾರು ಆಪರೇಷನ್ ಥಿಯೇಟರುಗಳಲ್ಲಿ ಜೀವಂತವಾಗಿದೆ ಎಂಬುದನ್ನು ನೆನೆದಾಗಲೆಲ್ಲ ನನ್ನ ಎದೆ ತುಂಬಿಬರುತ್ತದೆ. ಆಮೇಲೆ 1960ರಲ್ಲಿ ಅಮೆರಿಕದ ಜೂಲಿಯಸ್ ಜೇಕಬ್‌ಸನ್ ಸೂಕ್ಷ್ಮದರ್ಶಕದ ಕೆಳಗೆ ಇನ್ನೂ ಕಿರಿದಾದ ನಾಳಗಳನ್ನು ಹೊಲಿದು ತೋರಿಸಿದರು. 1973ರಲ್ಲಿ ಮೆಲ್ಬರ್ನ್‌ನ ಇಯಾನ್ ಟೇಲರ್ ಮತ್ತು ರೋಲಿನ್ ಡೇನಿಯಲ್ ತೊಡೆಸಂದಿಯ ಚರ್ಮವನ್ನು ಪೂರ್ತಿ ಬಿಡಿಸಿ, ಗಾಯಗೊಂಡ ಕಾಲಿಗೆ ಕೂಡಿಸಿದ್ದನ್ನು ವರದಿ ಮಾಡಿದರು. 1989ರಲ್ಲಿ ನ್ಯೂಯಾರ್ಕಿನ ಡೇವಿಡ್ ಹಿಡಾಲ್ಗೊ, ಮೊಣಕಾಲ ಕೆಳಗೆ ಹೊರಬದಿಯಲ್ಲಿರುವ ತೆಳ್ಳನೆಯ ಎಲುಬಾದ ಫಿಬುಲಾವನ್ನು ತೆಗೆದು ದವಡೆ ಕಟ್ಟಬಹುದೆಂದು ತೋರಿಸಿದರು. ಮೈಭಾರವನ್ನು ಹೊರುವುದು ಅದರ ಪಕ್ಕದ ದಪ್ಪ ಎಲುಬು. ಹಾಗಾಗಿ ಇದನ್ನು ತೆಗೆದರೂ ಮನುಷ್ಯ ನಡೆಯಬಲ್ಲ.

ನಮ್ಮ ನಾಡಿಗೆ ಈ ವಿದ್ಯೆಯ ಅಗತ್ಯ ಎಷ್ಟಿದೆ ಎಂಬುದು ಯಾವ ಕ್ಯಾನ್ಸರ್ ಆಸ್ಪತ್ರೆಯ ವರಾಂಡದಲ್ಲಿ ನಿಂತರೂ ತಿಳಿಯುತ್ತದೆ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಎಲೆಯಡಿಕೆ, ಹೊಗೆಸೊಪ್ಪು, ಗುಟ್ಕಾ ಕೆನ್ನೆಯೊಳಗೆ ವರ್ಷಗಟ್ಟಲೆ ಕೂತು ಹುಣ್ಣಾಗಿ, ಹುಣ್ಣು ದವಡೆಯನ್ನು ತಿನ್ನುತ್ತದೆ. ಹೊಗೆಸೊಪ್ಪು ಸೇರದಿದ್ದರೂ ಅಡಿಕೆ ತಾನಾಗಿಯೇ ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ತೀರ್ಮಾನಿಸಿತು. ಅಡಿಕೆ ತೋಟದ ನೆರಳಿನಲ್ಲಿ ಬದುಕುವ ಕುಟುಂಬಗಳಿಗೆ ಇದು ಕೇಳಲು ಕಷ್ಟದ ಮಾತು. ಆದರೂ ಹೇಳಲೇಬೇಕಾದ ಮಾತು.

ಈಗ ಹೆಪ್ಪಿನ ವಿಷಯಕ್ಕೆ ಬರೋಣ. ಹಾಲಿಗೂ ರಕ್ತಕ್ಕೂ ಕನ್ನಡ ಒಂದೇ ಪದ ಬಳಸುತ್ತದೆ, ಹೆಪ್ಪುಗಟ್ಟುವುದು. ರಾಸಾಯನಿಕವಾಗಿ ಅವೆರಡೂ ಬೇರೆ. ಆದರೂ ಈ ಹೋಲಿಕೆ ಮುಂದೆ ನಮಗೆ ತುಂಬಾ ನೆರವಾಗುತ್ತದೆ. (ರಕ್ತ ಹೆಪ್ಪುಗಟ್ಟದಂತೆ ಕೊಡುವ ‘ಹೆಪಾರಿನ್’ ಔಷಧಿಯ ಹೆಸರಿಗೂ ನಮ್ಮ ಹೆಪ್ಪಿಗೂ ಮಾತ್ರ ನಂಟಿಲ್ಲ. ಅದನ್ನು ಪಿತ್ತಜನಕಾಂಗದಿಂದ ತೆಗೆದಿದ್ದರಿಂದ, ಗ್ರೀಕ್ ಭಾಷೆಯಲ್ಲಿ ಆ ಅಂಗಕ್ಕಿರುವ ಹೆಸರನ್ನೇ ಇಟ್ಟರು.)

ನಾಳದೊಳಗೆ ಹೆಪ್ಪು ಯಾಕೆ ಕಟ್ಟುತ್ತದೆ ಎಂಬುದಕ್ಕೆ ವೈದ್ಯ ವಿದ್ಯಾರ್ಥಿಗಳು ಇಂದಿಗೂ ಹೇಳುವ ಉತ್ತರ ಜರ್ಮನಿಯ ರುಡಾಲ್ಫ್ ವಿರ್ಚೋವ್ ಹೆಸರಿನಲ್ಲಿದೆ. ಆತ 1856ರಲ್ಲಿ ಪ್ರಕಟಿಸಿದ ಬರಹಗಳಿಂದ ಮುಂದಿನವರು ಮೂರು ಕಾರಣಗಳನ್ನು ಹೆಕ್ಕಿ ‘ವಿರ್ಚೋವ್ ತ್ರಿಕೋನ’ ಎಂದು ಕರೆದರು. ನಾಳದ ಗೋಡೆಗೆ ಪೆಟ್ಟಾಗಿರಬೇಕು, ಇಲ್ಲವೇ ಹರಿವು ನಿಧಾನವಾಗಿರಬೇಕು, ಇಲ್ಲವೇ ರಕ್ತವೇ ಹೆಪ್ಪುಗಟ್ಟುವ ಕಡೆಗೆ ವಾಲಿರಬೇಕು.

ಫ್ರೀ ಫ್ಲ್ಯಾಪ್‌ನಲ್ಲಿ ಈ ಮೂರೂ ಒಟ್ಟಿಗೆ ಇವೆ. ಎರಡು ಮೂರು ಮಿಲಿಮೀಟರ್ ಅಗಲದ ನಾಳದ ಗೋಡೆಯನ್ನು ಸೂಜಿ ಸುತ್ತಲೂ ಚುಚ್ಚಿದೆ. ಗೋಡೆಯ ಒಳಪದರ ಹರಿದಲ್ಲೆಲ್ಲ ಅದರಡಿಯ ಕೊಲಾಜೆನ್ ಎಂಬ ನಾರು ಬಯಲಾಗುತ್ತದೆ. ನಿಮಿಷಗಳಲ್ಲೇ ಪ್ಲೇಟ್‌ಲೆಟ್‌ಗಳು ಬಂದು ಅಲ್ಲಿ ಅಂಟಿಕೊಳ್ಳುತ್ತವೆ. ಎಲ್ಲ ಸರಿಯಾಗಿದ್ದರೆ ಅವು ತೆಳುವಾದ ಹೊದಿಕೆಯಾಗಿ ನಿಲ್ಲುತ್ತವೆ, ಮುಂದಿನ ಒಂದೆರಡು ವಾರಗಳಲ್ಲಿ ಹೊಸ ಒಳಪದರ ಅದರ ಮೇಲೆ ಹರಡುತ್ತದೆ. ನಾಳದ ಹೊರಪದರದ ಒಂದೇ ಒಂದು ಎಳೆ ಹೊಲಿಗೆಯೊಂದಿಗೆ ಒಳಕ್ಕೆ ಸೇರಿದರೆ, ಅಥವಾ ಸೂಜಿ ಮುಂದಿನ ಗೋಡೆಯ ಜೊತೆ ಹಿಂದಿನ ಗೋಡೆಯನ್ನೂ ಹಿಡಿದರೆ, ಆ ತೆಳು ಹೊದಿಕೆ ಗುಡ್ಡೆಯಾಗಿ ಬೆಳೆಯುತ್ತದೆ. ಹರಿವಿನ ಸಂಗತಿಯೂ ಅಷ್ಟೇ. ಕತ್ತರಿಸಿ ತೆಗೆದ ಹೊತ್ತಿನಿಂದ ಕೂಡಿಸುವವರೆಗೆ ಆ ತುಂಡಿನಲ್ಲಿ ರಕ್ತವೇ ಹರಿದಿಲ್ಲ. ಕೂಡಿಸಿದ ಮೇಲೂ ಕತ್ತು ಒಂದಿಷ್ಟು ಹೊರಳಿದರೆ ನಾಳ ಮಡಚಿಕೊಳ್ಳಬಹುದು, ಪಕ್ಕದಲ್ಲಿ ರಕ್ತ ಸೋರಿ ನಿಂತರೆ ಅದುಮಿಹೋಗಬಹುದು. ಗೋಡೆ ತೆಳುವಾಗಿ, ಒತ್ತಡ ಕಡಿಮೆಯಿರುವ ಅಭಿಧಮನಿಯೇ ಹೆಚ್ಚು ಸಲ ಮುಚ್ಚುವುದು.

ಮೂರನೆಯದು ರಕ್ತದ ಸ್ವಭಾವ. ಕ್ಯಾನ್ಸರ್ ಇರುವವರ ರಕ್ತ ಹೆಪ್ಪಿನ ಕಡೆಗೆ ವಾಲುತ್ತದೆಂದು 1865ರಲ್ಲೇ ಪ್ಯಾರಿಸ್ಸಿನ ಅರ್ಮಾಂ ತ್ರುಸೋ ಪಾಠ ಹೇಳಿದ್ದ. ಎರಡು ವರ್ಷಗಳ ನಂತರ ಅವನದೇ ತೋಳು ಊದಿಕೊಂಡಿತು. ತಾನು ವಿವರಿಸಿದ ಲಕ್ಷಣವನ್ನು ತನ್ನ ಮೈಯಲ್ಲೇ ಗುರುತಿಸಿ, ತಾನಿನ್ನು ಉಳಿಯುವುದಿಲ್ಲವೆಂದು ಶಿಷ್ಯನಿಗೆ ಹೇಳಿದ. ಅದೇ ವರ್ಷ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡ. ಇದರ ಮೇಲೆ ದೊಡ್ಡ ಶಸ್ತ್ರಚಿಕಿತ್ಸೆ ತಾನೇ ರಕ್ತದಲ್ಲಿ, ಹೆಪ್ಪಿನ ಫೈಬ್ರಿನ್ ಎಳೆಗಳಿಗೆ ಕಚ್ಚಾವಸ್ತುವಾದ ಫೈಬ್ರಿನೋಜೆನ್ ಪ್ರಮಾಣವನ್ನು ಏರಿಸುತ್ತದೆ. ಗಾಯವಾದಾಗ ರಕ್ತ ನಿಲ್ಲಲಿ ಎಂದು ದೇಹ ಕಲಿತ ಪಾಠವದು. ಆ ದೇಹಕ್ಕೆ ಫ್ರೀ ಫ್ಲ್ಯಾಪ್ ಗೊತ್ತಿಲ್ಲ.

ರಕ್ತ ಪರೀಕ್ಷೆ ಎಷ್ಟೇ ನಾಜೂಕಾಗಿರಲಿ, ಅದು ತ್ರಿಕೋನದ ಈ ಮೂರನೆಯ ಮೂಲೆಯನ್ನು ಮಾತ್ರ ನೋಡಬಲ್ಲದು. ಹೊಲಿಗೆ ಹೇಗೆ ಬೀಳಲಿದೆ, ನಾಳ ಎಲ್ಲಿ ಮಡಚಲಿದೆ ಎಂಬುದು ಕೊಳವೆಯಲ್ಲಿರುವ ರಕ್ತಕ್ಕೆ ಹೇಗೆ ಗೊತ್ತಾಗಬೇಕು? ಈ ಮಾತನ್ನು ಇಲ್ಲೇ ನೆನಪಿಟ್ಟುಕೊಂಡು ಮುಂದೆ ಹೋಗೋಣ.

ನಮ್ಮ ಮನೆಯಲ್ಲಿ ಅಜ್ಜಿ ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮಜ್ಜಿಗೆ ಬಿಟ್ಟು ಹೆಪ್ಪು ಹಾಕುತ್ತಿದ್ದರು. ಬೆಳಿಗ್ಗೆ ಪಾತ್ರೆಯನ್ನು ಮೆಲ್ಲಗೆ ವಾಲಿಸಿ ನೋಡುವರು. ಹಾಲು ಓಡಿದರೆ ಹೆಪ್ಪು ಕೂತಿಲ್ಲ, ಓಡದಿದ್ದರೆ ಕೂತಿದೆ. 1913ರಲ್ಲಿ ಬಾಸ್ಟನ್ನಿನ ರೋಜರ್ ಲೀ ಮತ್ತು ಪಾಲ್ ವೈಟ್ ಪ್ರಕಟಿಸಿದ ರಕ್ತಪರೀಕ್ಷೆ ಇದೇ ಆಗಿತ್ತು. ಗಾಜಿನ ಕೊಳವೆಯನ್ನು ಆಗಾಗ ವಾಲಿಸುತ್ತ, ರಕ್ತ ಓಡದಾಗುವವರೆಗೆ ನಿಮಿಷ ಎಣಿಸುವುದು. ಇಂದು ನಮ್ಮ ಲ್ಯಾಬ್ ವರದಿಗಳಲ್ಲಿ ಕಾಣುವ ಪಿಟಿ ಮತ್ತು ಎಪಿಟಿಟಿ ಪರೀಕ್ಷೆಗಳು ಇದರ ಮುಂದುವರಿದ ರೂಪಗಳು. ಪಿಟಿಯನ್ನು 1935ರಲ್ಲಿ ಆರ್ಮಂಡ್ ಕ್ವಿಕ್ ರೂಪಿಸಿದ. ಎಪಿಟಿಟಿಯ ಮೂಲ ರೂಪ 1953ರಲ್ಲಿ, ಹಿಮೋಫಿಲಿಯಾ ರೋಗಿಗಳನ್ನು ಗುರುತಿಸುವ ಪ್ರಯತ್ನದಲ್ಲಿ ಬಂತು.

ಎರಡೂ ಹುಟ್ಟಿದ್ದು ‘ಈ ಮನುಷ್ಯನಿಗೆ ರಕ್ತ ನಿಲ್ಲುವುದಿಲ್ಲವೇ?’ ಎಂಬ ಪ್ರಶ್ನೆಗೆ. ‘ಈ ಮನುಷ್ಯನಿಗೆ ಬೇಡದ ಕಡೆ ಹೆಪ್ಪುಗಟ್ಟುತ್ತದೆಯೇ?’ ಎಂದು ಅವುಗಳನ್ನು ಯಾರೂ ಕೇಳಿರಲಿಲ್ಲ. ನೀಲಿ ಮುಚ್ಚಳದ ಕೊಳವೆಗೆ ರಕ್ತ ಹಾಕಿ, ಯಂತ್ರದಲ್ಲಿ ಗರಗರ ತಿರುಗಿಸಿ, ರಕ್ತಕಣಗಳನ್ನೂ ಪ್ಲೇಟ್‌ಲೆಟ್‌ಗಳನ್ನೂ ತಳಕ್ಕೆ ಇಳಿಸಿಬಿಡುತ್ತಾರೆ. ಪರೀಕ್ಷೆ ನಡೆಯುವುದು ಮೇಲೆ ಉಳಿದ ಹಳದಿ ದ್ರವದ ಮೇಲೆ. ಫೈಬ್ರಿನ್ ಎಳೆ ಮೊದಲು ಕಾಣಿಸಿಕೊಂಡ ಕ್ಷಣಕ್ಕೆ ಗಡಿಯಾರ ನಿಲ್ಲುತ್ತದೆ. ಹೆಪ್ಪುಗಟ್ಟಿಸುವ ಥ್ರಾಂಬಿನ್‌ನ ಸುಮಾರು ನೂರಕ್ಕೆ ಐದು ಭಾಗ ಮಾತ್ರ ಆ ಹೊತ್ತಿಗೆ ತಯಾರಾಗಿರುತ್ತದೆ. ಅಂದರೆ ಮೊಸರು ಕೂರಲು ಶುರುವಾದದ್ದು ಎಷ್ಟು ಹೊತ್ತಿಗೆ ಎಂದು ತಿಳಿಯಿತು. ಗಟ್ಟಿಯಾಯಿತೇ, ಚಾಕುವಿನಿಂದ ಕತ್ತರಿಸುವಂತೆ ಕೂತಿತೇ, ನೀರು ಬಿಟ್ಟಿತೇ ಎಂಬುದೊಂದೂ ತಿಳಿಯಲಿಲ್ಲ. ಹಾಗಾಗಿ ಪಿಟಿ, ಎಪಿಟಿಟಿ ನಾರ್ಮಲ್ ಎಂದು ವರದಿ ಬಂದ ರೋಗಿಯ ಫ್ಲ್ಯಾಪ್ ಮೂರನೇ ದಿನ ಕಪ್ಪಾದರೆ ಲ್ಯಾಬ್ ತಪ್ಪು ಹೇಳಿತೆಂದು ಅರ್ಥವಲ್ಲ. ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು.

ಇದಕ್ಕಿಂತ ಮೋಸದ ಸಂದರ್ಭವೂ ಇದೆ. ಕೆಲವರ ರಕ್ತದಲ್ಲಿ ‘ಲೂಪಸ್ ಆ್ಯಂಟಿಕೊಯಾಗ್ಯುಲಂಟ್’ ಎಂಬ ಪ್ರತಿಕಾಯ ಇರುತ್ತದೆ. ಹೆಸರೇ ಹೇಳುವಂತೆ ಅದು ಹೆಪ್ಪನ್ನು ತಡೆಯಬೇಕು. ಗಾಜಿನ ಕೊಳವೆಯಲ್ಲಿ ತಡೆಯುತ್ತದೆ ಕೂಡ, ಯಾಕೆಂದರೆ ಪರೀಕ್ಷೆಗೆಂದು ಹಾಕಿದ ಕೊಬ್ಬಿನಂಶಕ್ಕೆ ಅದು ಅಡ್ಡಬರುತ್ತದೆ. ಎಪಿಟಿಟಿ ಉದ್ದವಾಗುತ್ತದೆ. ವರದಿ ನೋಡಿದವರು ‘ಇವರಿಗೆ ರಕ್ತ ಸೋರೀತು’ ಎಂದು ಹೆದರಬಹುದು. ದೇಹದೊಳಗೆ ಆಗುವುದು ಇದಕ್ಕೆ ತಿರುವುಮುರುವು. ಇಂಥವರಿಗೆ ಕಾಲಿನ ನಾಳಗಳಲ್ಲಿ, ಮಿದುಳಿನಲ್ಲಿ ಹೆಪ್ಪುಗಟ್ಟಬಹುದು, ಹೆಂಗಸರಿಗೆ ಮತ್ತೆ ಮತ್ತೆ ಗರ್ಭ ಇಳಿದುಹೋಗಬಹುದು. ಬಟ್ಟಲು ಒಂದು ಹೇಳುತ್ತದೆ, ನಾಳ ಇನ್ನೊಂದು ಮಾಡುತ್ತದೆ. ಈ ವಿಷಯದಲ್ಲಿ ನಾನು ಓದಿದ ಎಲ್ಲದರಲ್ಲೂ ಇಷ್ಟು ಎಚ್ಚರ ಹುಟ್ಟಿಸಿದ ಸಂಗತಿ ಮತ್ತೊಂದಿಲ್ಲ.

ಹೆಪ್ಪಿನ ಗಟ್ಟಿತನವನ್ನೇ ಅಳೆಯಬೇಕೆಂದು ಹೊರಟವನು ಜರ್ಮನಿಯ ಹೈಡೆಲ್‌ಬರ್ಗ್‌ನ ಹೆಲ್ಮುಟ್ ಹಾರ್ಟರ್ಟ್. ಯುದ್ಧದಲ್ಲಿ ಸೋತು ಎಲ್ಲದಕ್ಕೂ ಕೊರತೆಯಿದ್ದ ಆ ದೇಶದಿಂದ 1948ರಲ್ಲಿ ಪ್ರಕಟವಾದ ಅವನ ಉಪಾಯ ಬಹಳ ಸರಳ. ಪುಟ್ಟ ಬಟ್ಟಲೊಂದರಲ್ಲಿ ರಕ್ತ. ಅದನ್ನು ಮೈಶಾಖದಲ್ಲಿ, ಅಂದರೆ 37 ಡಿಗ್ರಿಯಲ್ಲಿ ಇಟ್ಟು ತೊಟ್ಟಿಲಿನಂತೆ ಆ ಕಡೆಗೂ ಈ ಕಡೆಗೂ ಐದು ಡಿಗ್ರಿಗೂ ಕಡಿಮೆ ತಿರುಗಿಸುತ್ತಿರಬೇಕು. ರಕ್ತದ ನಡುವೆ ತೆಳು ತಂತಿಯಿಂದ ಒಂದು ಕಡ್ಡಿಯನ್ನು ಇಳಿಬಿಡಬೇಕು. ರಕ್ತ ನೀರಾಗಿರುವಷ್ಟು ಹೊತ್ತು ಬಟ್ಟಲು ತಿರುಗಿದರೂ ಕಡ್ಡಿ ಸುಮ್ಮನಿರುತ್ತದೆ. ಹೆಪ್ಪಿನ ಎಳೆಗಳು ಬಟ್ಟಲಿಗೂ ಕಡ್ಡಿಗೂ ನಡುವೆ ಬಿಗಿದುಕೊಂಡಂತೆ ಕಡ್ಡಿಯೂ ಬಟ್ಟಲಿನೊಂದಿಗೆ ಓಲಾಡತೊಡಗುತ್ತದೆ. ಹೆಪ್ಪು ಗಟ್ಟಿಯಾದಷ್ಟೂ ಓಲಾಟ ದೊಡ್ಡದು. ಅದನ್ನು ಕಾಲದ ಜೊತೆ ಗೆರೆಯಾಗಿ ಬರೆದರೆ, ಉದ್ದ ಹಿಡಿಯ ಸೌಟನ್ನು ಅಡ್ಡ ಮಲಗಿಸಿದಂಥ ಚಿತ್ರ ಮೂಡುತ್ತದೆ. ಹಿಡಿ ಎಷ್ಟು ಉದ್ದವೋ ಹೆಪ್ಪು ಶುರುವಾಗಲು ಅಷ್ಟು ಹೊತ್ತು. ಸೌಟಿನ ಬಾಯಿ ಎಷ್ಟು ಬೇಗ ಅಗಲವಾಯಿತೋ ಹೆಪ್ಪು ಬೆಳೆದ ವೇಗ ಅಷ್ಟು. ಅತಿ ಅಗಲವಾದ ಜಾಗವೇ ಹೆಪ್ಪಿನ ಗಟ್ಟಿತನ. ಆಮೇಲೆ ಗೆರೆಗಳು ಮತ್ತೆ ಹತ್ತಿರ ಬಂದರೆ ಹೆಪ್ಪು ಕರಗುತ್ತಿದೆ. ಇದರ ಹೆಸರು ಥ್ರಾಂಬೋಎಲಾಸ್ಟೋಗ್ರಫಿ, ವೈದ್ಯರ ಬಾಯಲ್ಲಿ ‘ಟೆಗ್’. ಬಟ್ಟಲನ್ನು ನಿಲ್ಲಿಸಿ ಕಡ್ಡಿಯನ್ನೇ ತಿರುಗಿಸುವ ಇದರ ತಮ್ಮನಿಗೆ ‘ರೋಟೆಮ್’ ಎನ್ನುತ್ತಾರೆ.

ಈ ಯಂತ್ರ ಬಹುಕಾಲ ಪ್ರಯೋಗಾಲಯದ ಮೂಲೆಯಲ್ಲೇ ಇತ್ತು. 1980ರ ದಶಕದಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಥಾಮಸ್ ಸ್ಟಾರ್ಜ್ಲ್ ತಂಡ ಪಿತ್ತಜನಕಾಂಗದ ಕಸಿ ಮಾಡುವಾಗ, ರಕ್ತ ಹೊಳೆಯಾಗಿ ಹರಿಯುವ ಗಂಟೆಗಳಲ್ಲಿ ಯಾವ ರೋಗಿಗೆ ಏನು ಕೊಡಬೇಕೆಂದು ತಿಳಿಯಲು ಅರಿವಳಿಕೆ ತಜ್ಞರು ಇದನ್ನು ಥಿಯೇಟರಿಗೆ ತಂದರು. ಅಲ್ಲಿ ಅದರ ಬೆಲೆ ಗೊತ್ತಾಯಿತು. ಅಲ್ಲಿಯೂ ಪ್ರಶ್ನೆ ರಕ್ತಸ್ರಾವದ್ದೇ ಆಗಿತ್ತೆಂಬುದನ್ನು ಗಮನಿಸಿ.

ಪ್ಲಾಸ್ಟಿಕ್ ಸರ್ಜನ್ನರು ಅದನ್ನು ತಿರುಗಿಸಿ ಕೇಳಿದರು: ಗೆರೆ ಅತಿಯಾಗಿ ಅಗಲವಾದರೆ ಅದು ಎಚ್ಚರಿಕೆಯೇ? ಹೆಪ್ಪಿನ ಗಟ್ಟಿತನಕ್ಕೆ ಇಬ್ಬರು ಕೊಡುಗೆದಾರರು, ಪ್ಲೇಟ್‌ಲೆಟ್‌ಗಳು ಮತ್ತು ಫೈಬ್ರಿನ್ ಎಳೆಗಳು. ಪ್ಲೇಟ್‌ಲೆಟ್‌ಗಳನ್ನು ಔಷಧಿಯಿಂದ ಸುಮ್ಮನಾಗಿಸಿ ಇನ್ನೊಮ್ಮೆ ಪರೀಕ್ಷಿಸಿದರೆ ಫೈಬ್ರಿನ್ನಿನ ಪಾಲು ಬೇರೆಯಾಗಿ ಕಾಣುತ್ತದೆ. 2012ರಲ್ಲಿ ಆಕ್ಸ್‌ಫರ್ಡ್‌ನ ವೈದ್ಯರ ತಂಡವೊಂದು ಫ್ರೀ ಫ್ಲ್ಯಾಪ್ ರೋಗಿಗಳಲ್ಲಿ ಈ ಎರಡು ಪಾಲುಗಳ ಅನುಪಾತವನ್ನು ಅಳೆಯಿತು. ಆಪರೇಷನ್‌ಗೆ ಮುಂಚೆ ಅದು 42 ಪ್ರತಿಶತ ಅಥವಾ ಅದಕ್ಕಿಂತ ಹೆಚ್ಚಿದ್ದವರಲ್ಲಿ ಹೆಪ್ಪಿನ ತೊಂದರೆ ಹೆಚ್ಚು ಕಂಡಿತೆಂದು ವರದಿ ಮಾಡಿತು. ರೋಗಿಗಳ ಸಂಖ್ಯೆ ಸಣ್ಣದು. ಇದು ಪ್ರಾಥಮಿಕ ಅಧ್ಯಯನ ಎಂದು ಅವರೇ ಶೀರ್ಷಿಕೆಯಲ್ಲಿ ಬರೆದುಕೊಂಡರು. ಆ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಆಮೇಲೆ ಬೇರೆ ದೇಶಗಳ ತಂಡಗಳೂ ಹುಡುಕಿದವು. ಕೆಲವರಿಗೆ ನಂಟು ಕಂಡಿತು, ಕೆಲವರಿಗೆ ಕಾಣಲಿಲ್ಲ. ಎಲ್ಲರೂ ಒಪ್ಪುವ ಗಡಿಸಂಖ್ಯೆ ಮೂಡಲಿಲ್ಲ.

ಮೂಡದಿರಲು ಒಂದು ಕಾರಣ ಬಟ್ಟಲಿನಲ್ಲೇ ಇದೆ. ಅಲ್ಲಿ ನಾಳದ ಗೋಡೆಯಿಲ್ಲ. ಜೀವಂತ ಗೋಡೆ ಬರೀ ಕೊಳವೆಯಲ್ಲ. ಅದರ ಒಳಪದರ ಪ್ರೋಟೀನ್ ಸಿ ಎಂಬ ಕಾವಲುಗಾರನನ್ನು ಎಬ್ಬಿಸಿ ಹೆಪ್ಪಿಗೆ ಕಡಿವಾಣ ಹಾಕುತ್ತಲೇ ಇರುತ್ತದೆ. ಪ್ಲಾಸ್ಟಿಕ್ ಬಟ್ಟಲಿಗೆ ಆ ಶಕ್ತಿ ಇಲ್ಲ. ಅಲ್ಲಿ ಹರಿವೂ ಇಲ್ಲ, ಬರೀ ಓಲಾಟ. ರೋಗಿ ನುಂಗಿದ ಆಸ್ಪಿರಿನ್ ಕೂಡ ಸಾಮಾನ್ಯ ಟೆಗ್‌ನಲ್ಲಿ ಸರಿಯಾಗಿ ಕಾಣುವುದಿಲ್ಲ, ಯಾಕೆಂದರೆ ಅಲ್ಲಿ ಉಕ್ಕುವ ಥ್ರಾಂಬಿನ್ ಆಸ್ಪಿರಿನ್‌ನ ತಡೆಯನ್ನು ದಾಟಿ ಪ್ಲೇಟ್‌ಲೆಟ್‌ಗಳನ್ನು ಎಬ್ಬಿಸುತ್ತದೆ.

ಇನ್ನೊಂದು ಕಾರಣ ಲೆಕ್ಕದ್ದು. ಇದನ್ನು ಕೈಬೆರಳಲ್ಲೇ ಎಣಿಸಬಹುದು. ನೂರು ರೋಗಿಗಳಿಗೆ ಫ್ರೀ ಫ್ಲ್ಯಾಪ್ ಮಾಡುತ್ತಾರೆ, ಅವರಲ್ಲಿ ಐವರಿಗೆ ಹೆಪ್ಪುಗಟ್ಟಲಿದೆ ಎಂದುಕೊಳ್ಳಿ. ನಮ್ಮ ಕೈಯಲ್ಲಿ ಒಳ್ಳೆಯ ಪರೀಕ್ಷೆಯೊಂದಿದೆ. ಹೆಪ್ಪುಗಟ್ಟಲಿರುವ ಐವರಲ್ಲಿ ನಾಲ್ವರನ್ನು ಅದು ಹಿಡಿಯುತ್ತದೆ. ಹೆಪ್ಪುಗಟ್ಟದವರಲ್ಲಿ ಐವರಿಗೆ ನಾಲ್ವರನ್ನು ಸರಿಯಾಗಿ ಬಿಡುತ್ತದೆ, ಒಬ್ಬರನ್ನು ತಪ್ಪಾಗಿ ಹಿಡಿಯುತ್ತದೆ. ಹೆಪ್ಪುಗಟ್ಟದವರು 95 ಮಂದಿ, ಅವರಲ್ಲಿ 19 ಮಂದಿ ತಪ್ಪಾಗಿ ಸಿಕ್ಕಿಬಿದ್ದರು. ಒಟ್ಟು 23 ಮಂದಿಯ ವರದಿಯಲ್ಲಿ ಕೆಂಪು ಗುರುತು, ನಿಜವಾಗಿ ಅಪಾಯವಿರುವುದು ನಾಲ್ವರಿಗೆ. ಕೆಂಪು ಗುರುತಿಲ್ಲದ 77 ಮಂದಿಯಲ್ಲೂ ಒಬ್ಬರ ಫ್ಲ್ಯಾಪ್ ಮುಚ್ಚಲಿದೆ.

ಈ 23 ಮಂದಿಗೂ ಹೆಪಾರಿನ್ ಹೆಚ್ಚಿಸಿದರೆ ಏನು ನಷ್ಟ ಎಂದು ಕೇಳಬಹುದು. ನಷ್ಟವಿದೆ. ಕತ್ತಿನಲ್ಲಿ ರಕ್ತ ಸೋರಿ ಗಡ್ಡೆಕಟ್ಟಿದರೆ ಅದು ನಾವು ಕಾಪಾಡಲು ಹೊರಟ ಅದೇ ನಾಳವನ್ನು ಹೊರಗಿನಿಂದ ಅದುಮುತ್ತದೆ. ಉಸಿರಾಟದ ದಾರಿಯನ್ನೂ ಅದುಮಬಹುದು. ಹೆಪ್ಪಿನ ಭಯದಿಂದ ಕೊಟ್ಟ ಔಷಧಿಯೇ ಹೆಪ್ಪಿಗೆ ದಾರಿಯಾಗಬಹುದು. ಹಾಗಾಗಿ ಎಲ್ಲ ರೋಗಿಗಳಿಗೂ ಎಲ್ಲ ಪರೀಕ್ಷೆಗಳನ್ನೂ ಮಾಡಿಸಿ, ಸಂಖ್ಯೆ ನೋಡಿ ಔಷಧಿ ಸುರಿಯುವುದು ತಪ್ಪು ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಾಲ ಮಾಡಿ ಊರಿನಿಂದ ಬಂದ ಕುಟುಂಬದ ಕೈಗೆ ಆ ಪರೀಕ್ಷೆಗಳ ಬಿಲ್ಲು ಕೊಡುವ ಮುಂಚೆ ವೈದ್ಯರು ಎರಡು ಸಲ ಯೋಚಿಸಬೇಕು.

ಹಾಗೆಂದು ಪರೀಕ್ಷೆಯನ್ನು ಕೈಬಿಡಬೇಕೆಂದಲ್ಲ. ನೂರರಲ್ಲಿ ಐವರಿರುವ ಗುಂಪಿನ ಬದಲು ಐವರಲ್ಲಿ ಒಬ್ಬರಿರುವ ಗುಂಪನ್ನು ಮೊದಲೇ ಬೇರ್ಪಡಿಸಿಕೊಂಡರೆ ಅದೇ ಪರೀಕ್ಷೆಯ ಮಾತಿಗೆ ತೂಕ ಬರುತ್ತದೆ. ಅಂಥ ಗುಂಪು ಇದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2012ರಲ್ಲಿ, ಹೆಪ್ಪಿನ ದೋಷವಿರುವ ಅಥವಾ ಮುಂಚೆ ಹೆಪ್ಪುಗಟ್ಟಿದ್ದ ರೋಗಿಗಳಲ್ಲಿ ಮಾಡಿದ 58 ಫ್ಲ್ಯಾಪ್‌ಗಳ ಲೆಕ್ಕ ಕೊಟ್ಟರು. ಸುಮಾರು ಐದರಲ್ಲಿ ಒಂದಕ್ಕೆ ಹೆಪ್ಪುಗಟ್ಟಿತ್ತು. ಆಪರೇಷನ್ ಮುಗಿದ ಮೇಲೆ ಹೆಪ್ಪುಗಟ್ಟಿದವುಗಳಲ್ಲಿ ಒಂದನ್ನೂ ಉಳಿಸಲಾಗಲಿಲ್ಲ. ಬೇರೆ ರೋಗಿಗಳಲ್ಲಾದರೆ ಬೇಗ ಮರಳಿ ತೆರೆದರೆ ಗಣನೀಯ ಪಾಲು ಉಳಿಯುತ್ತದೆ. ಈ ಅಂತರವನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ.

ಇಂಥವರನ್ನು ಯಂತ್ರವಿಲ್ಲದೆ ಗುರುತಿಸುವುದು ಹೇಗೆ? ಕಾಲಿನ ಆಳದ ಅಭಿಧಮನಿಗಳಲ್ಲಿ ಕಟ್ಟುವ ಹೆಪ್ಪಿನ ವಿಷಯದಲ್ಲಿ ಇದಕ್ಕೆ ಒಳ್ಳೆಯ ಸುಳಿವಿದೆ. ಕ್ಯಾಪ್ರಿನಿ ಅಂಕಪಟ್ಟಿ ಎಂಬುದು ಒಂದು ಹಾಳೆ. ವಯಸ್ಸು, ತೂಕ, ಕ್ಯಾನ್ಸರ್, ಹಿಂದೆ ಆದ ಹೆಪ್ಪು, ಮನೆತನದಲ್ಲಿ ಹೆಪ್ಪು, ಹೀಗೆ ಒಂದೊಂದಕ್ಕೂ ಅಂಕ. 2011ರಲ್ಲಿ ಪ್ಲಾಸ್ಟಿಕ್ ಸರ್ಜರಿ ರೋಗಿಗಳ ಮೇಲೆ ಅದನ್ನು ಒರೆಗೆ ಹಚ್ಚಿದಾಗ, ಹೆಪ್ಪು ತಡೆಯುವ ಔಷಧಿ ಪಡೆಯದೆ 3 ಅಥವಾ 4 ಅಂಕ ಇದ್ದವರಲ್ಲಿ 0.6 ಪ್ರತಿಶತ ಮಂದಿಗೆ ಎರಡು ತಿಂಗಳೊಳಗೆ ಹೆಪ್ಪಿನ ತೊಂದರೆ ಬಂತು. 8ಕ್ಕಿಂತ ಹೆಚ್ಚಿದ್ದವರಲ್ಲಿ 11.3 ಪ್ರತಿಶತ. ಫ್ಲ್ಯಾಪ್‌ನ ಹೊಲಿದ ನಾಳಕ್ಕೆ ಈ ಅಂಕಿಗಳನ್ನು ಹಾಗೇ ಹೊಂದಿಸಲಾಗದು, ಅದು ಬೇರೆಯೇ ಜಾಗ. ಆದರೆ ಲೇಖನಿ, ಹಾಳೆ ಮತ್ತು ಸಮಾಧಾನದಿಂದ ಕೇಳಿದ ನಾಲ್ಕು ಪ್ರಶ್ನೆಗಳಿಗೆ ಎಂಥ ಬಲವಿದೆ ಎಂಬುದನ್ನು ಅವು ತೋರಿಸುತ್ತವೆ. ಆ ಪ್ರಶ್ನೆಗಳಿಗೆ ಹೌದು ಎಂದವರಿಗೆ ಹೆಪ್ಪಿಗೆ ಕಡಿವಾಣ ಹಾಕುವ ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆ್ಯಂಟಿಥ್ರಾಂಬಿನ್, ಲೂಪಸ್ ಪ್ರತಿಕಾಯಗಳ ಪರೀಕ್ಷೆ ಮಾಡಿಸುವುದು, ಟೆಗ್ ನೋಡುವುದು, ರಕ್ತರೋಗ ತಜ್ಞರನ್ನು ಕರೆಯುವುದು ಎಲ್ಲವೂ ಸಾರ್ಥಕ. ಅವರಲ್ಲಿ ಕೆಲವರಿಗೆ ಫ್ರೀ ಫ್ಲ್ಯಾಪನ್ನೇ ಬಿಟ್ಟು, ಕಾವಸ್ಜಿಯ ಹಣೆಯ ಚರ್ಮದಂತೆ ತನ್ನ ಬುಡದಲ್ಲಿ ಅಂಟಿಕೊಂಡೇ ತಿರುಗುವ ಎದೆಯ ಸ್ನಾಯುವನ್ನು ಬಳಸುವ ನಿರ್ಧಾರಕ್ಕೂ ಬರಬಹುದು.

ಒಂದು ಹೊರರೋಗಿ ವಿಭಾಗವನ್ನು ಊಹಿಸಿಕೊಳ್ಳಿ. ದವಡೆಯ ಹುಣ್ಣಿನಿಂದ ಬಾಯಿ ತೆರೆಯಲಾಗದ ಮನುಷ್ಯ ಕುರ್ಚಿಯಲ್ಲಿ ಕೂತಿದ್ದಾರೆ. ಪಕ್ಕದಲ್ಲಿ ಹೆಂಡತಿ, ಮಡಿಲಲ್ಲಿ ರಿಪೋರ್ಟುಗಳ ಪ್ಲಾಸ್ಟಿಕ್ ಚೀಲ. ಪಿಟಿ ನಾರ್ಮಲ್, ಎಪಿಟಿಟಿ ನಾರ್ಮಲ್, ಪ್ಲೇಟ್‌ಲೆಟ್ ನಾರ್ಮಲ್. ವೈದ್ಯರು ಎಲ್ಲವನ್ನೂ ನೋಡಿ ಪಕ್ಕಕ್ಕಿಡುತ್ತಾರೆ.

“ಅಮ್ಮಾ, ಇವರಿಗೆ ಹಿಂದೆ ಯಾವತ್ತಾದರೂ ಒಂದೇ ಕಾಲು ಊದಿಕೊಂಡಿತ್ತಾ?”

“ಊದಿತ್ತು ಸಾರ್. ಐದು ವರ್ಷ ಆಯ್ತು, ತೋಟದಲ್ಲಿ ಬಿದ್ದು ಕಾಲು ಮುರಿದಾಗ. ಪಟ್ಟಿ ಬಿಚ್ಚಿದ ಮೇಲೂ ಊತ ಇಳೀಲೇ ಇಲ್ಲ. ಆರು ತಿಂಗಳು ರಕ್ತ ತೆಳ್ಳಗೆ ಮಾಡೋ ಮಾತ್ರೆ ಕೊಟ್ಟಿದ್ರು.”

“ಇವರ ಮನೆಯಲ್ಲಿ ಬೇರೆ ಯಾರಿಗಾದರೂ?”

ಆಕೆ ಗಂಡನ ಮುಖ ನೋಡುತ್ತಾರೆ. “ನಮ್ಮ ದೊಡ್ಡ ಭಾವನೋರಿಗೆ ಹಿಂಗೇ ಆಗಿತ್ತು. ಕಾಲು ಊದ್ಕೊಂಡು ಮಲಗಿದ್ರು, ನಾಲ್ಕನೇ ದಿನ ಉಸಿರು ಹತ್ತದೆ ಹೋಗ್ಬಿಟ್ರು. ನಲವತ್ತೂ ತುಂಬಿರಲಿಲ್ಲ.”

“ಇವರದು ಯಾವ ಕಾಲು ಊದಿದ್ದು?”

ಗಂಡ ತಾನೇ ಬಗ್ಗಿ ಎಡಗಾಲನ್ನು ಮುಟ್ಟಿ ತೋರಿಸುತ್ತಾರೆ. ವೈದ್ಯರು ಹಾಳೆಯಲ್ಲಿ ಎಲುಬು ತೆಗೆಯಲೆಂದು ಎಡಗಾಲಿಗೆ ಹಾಕಿದ್ದ ಗುರುತನ್ನು ಹೊಡೆದುಹಾಕಿ, ರಕ್ತರೋಗ ವಿಭಾಗಕ್ಕೆ ಚೀಟಿ ಬರೆಯತೊಡಗುತ್ತಾರೆ.